ಎಷ್ಟು ಕೊಡುತ್ತೆ ಅಂತ ಕೇಳ್ತೀವಿ, ಹೇಗೆ ನಿಲ್ಲುತ್ತೆ ಅಂತ ಕೇಳಲ್ಲ

ನಮ್ಮ ಕೋಲಾರದ ಕಡೆ ಯಾರಾದರೂ ಹೊಸ ಗಾಡಿ ತಗೊಂಡರೆ ಮೊದಲು ಕೇಳುವ ಪ್ರಶ್ನೆ, 'ಎಷ್ಟು ಕೊಡುತ್ತೆ?' ಮೈಲೇಜ್ ಅನ್ನೋ ಪದ ಹೇಳುವುದೇ ಬೇಡ, ಎಲ್ಲರಿಗೂ ಅರ್ಥವಾಗುತ್ತೆ. ಎರಡನೇದು, ಆನ್‌ರೋಡ್ ಎಷ್ಟಾಯ್ತು. ಮೂರನೇದು, ಲೋನಾ ಕ್ಯಾಷಾ. 'ಬ್ರೇಕ್ ಹೇಗಿದೆ?' ಅಂತ ಕೇಳಿದವರನ್ನು ನಾನಂತೂ ಇಲ್ಲಿವರೆಗೆ ನೋಡಿಲ್ಲ. ಸೆಕೆಂಡ್ ಹ್ಯಾಂಡ್ ಗಾಡಿ ನೋಡೋಕೆ ಹೋದವರೂ ಇಂಜಿನ್ ಸದ್ದು ಕೇಳ್ತಾರೆ, ಟೈರ್ ಒದ್ದು ನೋಡ್ತಾರೆ, ಸೀಟಿನ ಮೇಲೆ ಕೈಯಾಡಿಸ್ತಾರೆ. ಅಷ್ಟೇ.

ನಾನು ಓದಿದ್ದು ಮೆಕ್ಯಾನಿಕಲ್ ಇಂಜಿನಿಯರಿಂಗ್, ಹೊಟ್ಟೆಪಾಡಿಗೆ ಮಾಡ್ತಿರೋದು ವೈಟ್‌ಫೀಲ್ಡ್‌ನಲ್ಲಿ ಸಾಫ್ಟ್‌ವೇರ್ ಕೆಲಸ. ನಮ್ಮ ಬ್ಯಾಚಿನ ಮುಕ್ಕಾಲು ಪಾಲು ಜನರ ಕಥೆ ಇದೇ. ಅಪ್ಪ ಅಮ್ಮ ಇರೋದು ಮುಳಬಾಗಿಲಿನಲ್ಲಿ, ಸೋದರಮಾವ ಶ್ರೀನಿವಾಸಪುರದಲ್ಲಿ, ಹೆಂಡತಿಯ ತವರು ಮಾಲೂರು. ಹೀಗಾಗಿ ಶನಿವಾರ ಭಾನುವಾರ ಬಂತೆಂದರೆ ಈ ಮೂರು ಊರುಗಳ ನಡುವೆ ನಾನು ಯಾವುದಾದರೊಂದು ಗಾಡಿಯಲ್ಲಿ ಇರ್ತೀನಿ. ಅಪ್ಪನ ಸ್ಕೂಟರ್, ಮಾವನ ಪಿಕಪ್, ಭಾವಮೈದನ ಟ್ರ್ಯಾಕ್ಟರ್, ನನ್ನ ಹಳೇ ಕಾರು. ನಾಲ್ಕಕ್ಕೂ ಬ್ರೇಕ್ ಬೇರೆ ಬೇರೆ ಥರ. ಆದರೆ ನಾಲ್ಕೂ ಕೈಕೊಡುವ ಮೊದಲು ಏನಾದರೊಂದು ಸೂಚನೆ ಕೊಡುತ್ತವೆ. ಅದನ್ನು ಗುರುತಿಸೋಕೆ ಇಂಜಿನಿಯರ್ ಆಗಬೇಕಿಲ್ಲ, ಮೆಕ್ಯಾನಿಕ್ಕೂ ಆಗಬೇಕಿಲ್ಲ.

ಮೊದಲು ಬ್ರೇಕ್ ಮಾಡುವ ಕೆಲಸ ಏನು ಅಂತ ನೋಡೋಣ. ಓಡುವ ಗಾಡಿಯ ವೇಗವನ್ನು ಬ್ರೇಕ್ ಬಿಸಿಯಾಗಿ ಬದಲಾಯಿಸುತ್ತೆ. ನಾಲ್ಕು ಜನ ಕೂತ ಸಣ್ಣ ಕಾರು, ತೂಕ ಸುಮಾರು 1,250 ಕೆ.ಜಿ. ಅಂದುಕೊಳ್ಳಿ. ಗಂಟೆಗೆ 80 ಕಿ.ಮೀ. ವೇಗದಲ್ಲಿರುವ ಅದನ್ನು ಒಂದು ಸಲ ಪೂರ್ತಿ ನಿಲ್ಲಿಸಿದರೆ ಹುಟ್ಟುವ ಬಿಸಿಯಲ್ಲಿ ಹತ್ತಿರಹತ್ತಿರ ಒಂದು ಲೀಟರ್ ತಣ್ಣೀರು ಕುದಿಯುವ ಮಟ್ಟಕ್ಕೆ ಬರುತ್ತೆ. ಅಂದರೆ ಮನೆಗೆ ಬಂದ ನೆಂಟರಿಗೆಲ್ಲ ಟೀ ಇಡುವಷ್ಟು ನೀರು, ಮೂರ್ನಾಲ್ಕು ಸೆಕೆಂಡಿನಲ್ಲಿ! ಈ ಬಿಸಿಯನ್ನೆಲ್ಲ ತಡೆದುಕೊಳ್ಳೋದು ಬೆರಳಗಲದಷ್ಟೂ ದಪ್ಪ ಇಲ್ಲದ ಪ್ಯಾಡ್. ಅದು ಪ್ರತಿ ಸಲವೂ ಚೂರುಚೂರು ಸವೆಯುತ್ತೆ, ಸವೆಯಲೇಬೇಕು. ಪೆನ್ಸಿಲ್ ಉಜ್ಜುವ ರಬ್ಬರ್ ಸವೆದ ಹಾಗೆ.

ಮಾವನ ಪಿಕಪ್ಪಿನ ಲೆಕ್ಕ ಇನ್ನೂ ಜೋರು. ಕೋಲಾರದ ಎಪಿಎಂಸಿಗೆ ಟೊಮೆಟೊ ಹೋಗೋದು 15 ಕೆ.ಜಿ. ಬಾಕ್ಸಿನಲ್ಲಿ. ನೂರು ಬಾಕ್ಸ್ ಅಂದರೆ ಒಂದೂವರೆ ಟನ್, ಗಾಡಿಯ ತೂಕ ಬೇರೆ. 60ರಲ್ಲಿ ಹೋಗುತ್ತಿರುವ ಅದನ್ನು ಒಂದು ಸಲ ನಿಲ್ಲಿಸಿದರೆ ಒಂದೂವರೆ ಲೀಟರ್‌ಗೆ ಹತ್ತಿರದಷ್ಟು ನೀರಿನ ಬಿಸಿ. ಸೀಸನ್ನಿನಲ್ಲಿ ಬಾಕ್ಸ್ ನೂರಕ್ಕೆ ನಿಲ್ಲಲ್ಲ ಅನ್ನೋದು ಶ್ರೀನಿವಾಸಪುರದ ರಸ್ತೆಯಲ್ಲಿ ಓಡಾಡಿದವರಿಗೆ ಗೊತ್ತು. ಟೊಮೆಟೊ ಮುಗಿದರೆ ಮಾವಿನಕಾಯಿ. ಮಂಡಿಗೆ ಬೆಳಗ್ಗೆ ಬೇಗ ಮುಟ್ಟಿಸುವ ಆತುರ ಇದ್ದೇ ಇರುತ್ತೆ.

ಹೋದ ವರ್ಷ ಮಾವನ ಗಾಡಿಯಲ್ಲಿ ಪಕ್ಕದ ಸೀಟಿನಲ್ಲಿ ಕೂತಿದ್ದೆ. ಮುಂದಿನ ಚಕ್ರದಿಂದ 'ಕೀಂ...' ಅಂತ ಸಣ್ಣ ಸೀಟಿ ಥರ ಸದ್ದು.

"ಮಾವ, ಇದು ಎಷ್ಟು ದಿನದಿಂದ ಬರ್ತಿದೆ?"

"ಒಂದು ತಿಂಗಳಾಯ್ತೇನಪ್ಪ. ಧೂಳಿಗೆ ಹಂಗೇ ಬರ್ತದೆ. ಹಾಡು ಹಾಕಿದ್ರೆ ಕೇಳ್ಸಲ್ಲ."

ಈ ಸೀಟಿಯನ್ನು ಕಂಪನಿಯವರು ಬೇಕೆಂದೇ ಇಟ್ಟಿರುತ್ತಾರೆ. ಹಲವು ಕಾರು, ಪಿಕಪ್‌ಗಳ ಡಿಸ್ಕ್ ಪ್ಯಾಡಿನ ಪಕ್ಕದಲ್ಲಿ ಬಗ್ಗಿಸಿದ ಸಣ್ಣ ತಗಡಿನ ನಾಲಿಗೆ ಇರುತ್ತೆ. ಪ್ಯಾಡ್ ಸವೆದು ಎರಡು ಮೂರು ಮಿಲಿಮೀಟರ್‌ಗೆ ಬಂದಾಗ ಆ ನಾಲಿಗೆ ತಿರುಗುವ ಡಿಸ್ಕಿಗೆ ತಾಗಿ ಕಿರುಚುತ್ತೆ. ಕುಕ್ಕರ್ ಕೂಗಿದ ಹಾಗೆ ಅಂದುಕೊಳ್ಳಿ. ಕೂಗಿದ ಕೂಡಲೇ ಅಪಾಯ ಇಲ್ಲ, ಆದರೆ ಇನ್ನು ಮೇಲೆ ಬಿಟ್ಟರೆ ತಳ ಹಿಡಿಯುತ್ತೆ. ಈ ಹಂತದಲ್ಲಿ ಪ್ಯಾಡ್ ಬದಲಾಯಿಸಿದರೆ ಅಲ್ಲಿಗೆ ಮುಗೀತು. ಇನ್ನೂ ಓಡಿಸಿದರೆ ಸೀಟಿ ನಿಂತು 'ಗರಗರ' ಶುರುವಾಗುತ್ತೆ. ಸದ್ದು ಕಡಿಮೆ ಆಯ್ತು ಅಂತ ಖುಷಿಪಡೋರೂ ಇದ್ದಾರೆ! ಅದು ಪ್ಯಾಡಿನ ಹಿಂಭಾಗದ ಕಬ್ಬಿಣ ಡಿಸ್ಕಿನ ಕಬ್ಬಿಣಕ್ಕೆ ಉಜ್ಜುವ ಸದ್ದು. ಮಾವನ ಗಾಡಿಯಲ್ಲಿ ಒಂದು ಪಕ್ಕ ಆಗಲೇ ಅಲ್ಲಿಗೆ ಬಂದಿತ್ತು. ಬಿಚ್ಚಿ ನೋಡಿದರೆ ಡಿಸ್ಕಿನ ಮೇಲೆ ಗ್ರಾಮಫೋನ್ ರೆಕಾರ್ಡಿನ ಹಾಗೆ ಗೀರು. ಪ್ಯಾಡಿನ ಜೊತೆ ಡಿಸ್ಕೂ ಹಾಕಿಸಬೇಕಾಯ್ತು, ಖರ್ಚು ಹಲವು ಪಟ್ಟು. ಅದಕ್ಕಿಂತ ಹೆಚ್ಚಾಗಿ, ಸೀಸನ್ ಮಧ್ಯದಲ್ಲಿ ಎರಡು ದಿನ ಗಾಡಿ ನಿಂತಿದ್ದಕ್ಕೆ ಮಾವನಿಗೆ ಹೊಟ್ಟೆ ಉರೀತು.

ಎಲ್ಲ ಪ್ಯಾಡಿಗೂ ಈ ನಾಲಿಗೆ ಇರಲ್ಲ. ಹಾಗಾಗಿ ಕಣ್ಣಲ್ಲೂ ನೋಡಬೇಕು. ಕಾರಿನ ಸ್ಟೀರಿಂಗ್ ಒಂದು ಪಕ್ಕಕ್ಕೆ ಪೂರ್ತಿ ತಿರುಗಿಸಿ, ಮೊಬೈಲ್ ಟಾರ್ಚ್ ಹಾಕಿ ಮುಂದಿನ ಚಕ್ರದ ಒಳಗೆ ನೋಡಿದರೆ ಡಿಸ್ಕನ್ನು ಎರಡೂ ಕಡೆಯಿಂದ ಹಿಡಿದಿರುವ ಪ್ಯಾಡ್ ಕಾಣುತ್ತೆ. ಹೊಸತರಲ್ಲಿ ಅದರ ಉಜ್ಜುವ ಭಾಗ ಸುಮಾರು 10 ಮಿ.ಮೀ. ಇರುತ್ತೆ. 3 ಮಿ.ಮೀ.ಗೆ ಬಂದರೆ ಬದಲಾಯಿಸುವ ಸಮಯ. ಒಂದರ ಮೇಲೊಂದು ಎರಡು ಒಂದು ರೂಪಾಯಿ ನಾಣ್ಯ ಇಟ್ಟಷ್ಟು ದಪ್ಪ ಅಂತ ಲೆಕ್ಕ ಇಟ್ಟುಕೊಳ್ಳಿ. ಒಳಗಡೆಯ ಪ್ಯಾಡ್ ಹೊರಗಡೆಯದಕ್ಕಿಂತ ಬೇಗ ಸವೆಯುವುದುಂಟು, ಎರಡನ್ನೂ ನೋಡಬೇಕು. ಬೈಕಿನ ಪ್ಯಾಡಿನ ಮಧ್ಯೆ ಒಂದು ಗಾಡಿ ಇರುತ್ತೆ, ಅಂದರೆ ಓಡಿಸೋ ಗಾಡಿಯಲ್ಲ, ಗೆರೆ ಥರದ ಕಚ್ಚು. ಆ ಕಚ್ಚು ಮಾಯವಾಗಿದ್ದರೆ ಪ್ಯಾಡ್ ಮುಗಿದಿದೆ ಅಂತಲೇ ಅರ್ಥ.

ಈಗ ಅಪ್ಪನ ಸ್ಕೂಟರಿನ ವಿಷಯ. ಅಕ್ಕನ ಮಗಳನ್ನು ಸ್ಕೂಲಿಗೆ ಬಿಡೋದು, ಸಂಜೆ ಕರ್ಕೊಂಡು ಬರೋದು ಅಪ್ಪನ ಡ್ಯೂಟಿ. ಸೋಮೇಶ್ವರಪಾಳ್ಯದಲ್ಲಿ ಆಟೊ, ಹಸು, ಬಸ್ಸು ಎಲ್ಲದರ ಮಧ್ಯೆ ನುಗ್ಗಿಸಿಕೊಂಡು ಹೋಗಬೇಕು. ನಿಧಾನಕ್ಕೇ ಹೋಗ್ತಾರೆ, ಅದರಲ್ಲಿ ಅನುಮಾನ ಇಲ್ಲ. ಒಂದು ದಿನ ಆ ಸ್ಕೂಟರ್ ಎತ್ತಿಕೊಂಡು ಹಾಲು ತರೋಕೆ ಹೋದೆ. ಎಡಗೈ ಬ್ರೇಕ್ ಹ್ಯಾಂಡಲ್ ಹಿಡಿಗೆ ತಾಗುವವರೆಗೆ ಬಂದರೂ ಹಿಂದಿನ ಚಕ್ರ ನಿಲ್ಲೋಕೆ ಯೋಚನೆ ಮಾಡ್ತಿತ್ತು.

"ಅಪ್ಪ, ಬ್ರೇಕ್ ಹಿಡೀತಿಲ್ವಲ್ಲ?"

"ಹೋದ ವಾರ ತಾನೆ ಟೈಟ್ ಮಾಡಿಸ್ದೆ ಕಣೋ. ಮತ್ತೆ ಮಾಡಿಸ್ತೀನಿ ಬಿಡು."

ಈ 'ಟೈಟ್ ಮಾಡಿಸೋದು' ನಮ್ಮೂರುಗಳ ದೊಡ್ಡ ಮಾಯೆ. ಡ್ರಮ್ ಬ್ರೇಕಿನ ಒಳಗೆ ಎರಡು ಅರ್ಧಚಂದ್ರದ ಶೂ ಇರುತ್ತವೆ. ಅವುಗಳ ಮೇಲೆ ಅಂಟಿಸಿರುವುದನ್ನೇ ಗ್ಯಾರೇಜಿನವರು ಲೈನರ್ ಅನ್ನೋದು. ಲೈನರ್ ಸವೆದಷ್ಟೂ ಶೂ ಡ್ರಮ್ಮಿಗೆ ಮುಟ್ಟಲು ದೂರ ಹೋಗಬೇಕು, ಬ್ರೇಕ್ ಸಡಿಲ ಅನಿಸುತ್ತೆ. ನಟ್ ತಿರುಗಿಸಿ ಟೈಟ್ ಮಾಡಿದರೆ ಆ ದೂರ ಕಡಿಮೆಯಾಗುತ್ತೆ, ನಿಜ. ಆದರೆ ಸವೆದ ಲೈನರ್ ವಾಪಸ್ ಬೆಳೆಯಲ್ಲವಲ್ಲ! ಕೊನೆಕೊನೆಗೆ ನಟ್ ದಾರದ ತುದಿಗೆ ಬಂದು ನಿಲ್ಲುತ್ತೆ, ಇನ್ನು ತಿರುಗಿಸಲು ಜಾಗವೇ ಇರಲ್ಲ. ಅಷ್ಟರವರೆಗೂ ಕಾದರೆ ಒಳಗಿನ ಕ್ಯಾಮ್ ಮಿತಿಮೀರಿ ತಿರುಗಿ ಚಕ್ರ ಕಚ್ಚಿಕೊಳ್ಳುವ ಅಪಾಯವೂ ಇದೆ.

ಇದಕ್ಕೆ ಸ್ಕೂಟರಿನಲ್ಲೇ ಒಂದು ಗುರುತು ಕೊಟ್ಟಿದ್ದಾರೆ, ಹೆಚ್ಚಿನವರು ನೋಡಿರಲ್ಲ. ಹಿಂದಿನ ಚಕ್ರದ ಹತ್ತಿರ, ಬ್ರೇಕ್ ಕೇಬಲ್ ಬಂದು ಸೇರುವ ಕಡೆ ಒಂದು ಪುಟ್ಟ ಲೋಹದ ತೋಳು ಇದೆ. ಅದರ ಬುಡದಲ್ಲಿ ಬಾಣದ ಗುರುತು, ಡ್ರಮ್ಮಿನ ಮುಚ್ಚಳದ ಮೇಲೆ ಇನ್ನೊಂದು ಗುರುತು. ಒಬ್ಬರು ಬ್ರೇಕನ್ನು ಗಟ್ಟಿಯಾಗಿ ಹಿಡಿದುಕೊಳ್ಳಲಿ, ಇನ್ನೊಬ್ಬರು ಬಗ್ಗಿ ನೋಡಲಿ. ಬಾಣ ಆ ಗುರುತಿಗೆ ಬಂದು ಸೇರಿದರೆ ಟೈಟ್ ಮಾಡಿಸುವ ಕಾಲ ಮುಗೀತು, ಶೂ ಬದಲಾಯಿಸಲೇಬೇಕು. ಅಪ್ಪನ ಸ್ಕೂಟರಿನಲ್ಲಿ ಬಾಣ ಗುರುತನ್ನು ದಾಟಿ ಹೋಗಿತ್ತು. ಅಕ್ಕನ ಮಗಳೇ ಬಗ್ಗಿ ನೋಡಿ, "ತಾತ, ಬಾಣ ಔಟ್!" ಅಂದಳು. ಅವತ್ತೇ ಮಧ್ಯಾಹ್ನ ಗ್ಯಾರೇಜಿನ ಭಾಯ್ ಹತ್ತಿರ ಹೊಸ ಶೂ ಹಾಕಿಸಿದ್ದಾಯ್ತು, ಅರ್ಧ ಗಂಟೆ ಕೆಲಸ. ಈಗ ತಿಂಗಳಿಗೊಮ್ಮೆ ಬಾಣ ನೋಡೋದು ಅವಳ ಡ್ಯೂಟಿ.

ಬ್ರೇಕ್ ಲಿವರ್ ಒತ್ತಿದಾಗ ಮೊದಲ ಸ್ವಲ್ಪ ದೂರ ಖಾಲಿಯಾಗಿ ಬರಬೇಕು. ಸಾಮಾನ್ಯವಾಗಿ ಸ್ಕೂಟರ್‌ಗಳಿಗೆ 10ರಿಂದ 20 ಮಿ.ಮೀ. ಇರುತ್ತೆ. ಅದೂ ಇಲ್ಲದ ಹಾಗೆ ಬಿಗಿ ಮಾಡಿಸಿದರೆ ಲೈನರ್ ಸದಾ ಉಜ್ಜುತ್ತಾ ಡ್ರಮ್ ಕಾಯುತ್ತೆ, 'ಎಷ್ಟು ಕೊಡುತ್ತೆ' ಅನ್ನೋದಕ್ಕೂ ಪೆಟ್ಟು. ಇನ್ನೊಂದು ಮಾತು: ಮುಂದಿನ ಬ್ರೇಕ್ ಹಿಡಿದರೆ ಬೀಳ್ತೀವಿ ಅಂತ ನಮ್ಮ ಕಡೆ ಎಷ್ಟೋ ಜನ ಅದನ್ನು ಮುಟ್ಟೋದೇ ಇಲ್ಲ. ಗಾಡಿ ನಿಲ್ಲುವಾಗ ಭಾರ ಮುಂದಕ್ಕೆ ಬರುತ್ತೆ, ಹಾಗಾಗಿ ನಿಲ್ಲಿಸುವ ಶಕ್ತಿಯ ದೊಡ್ಡ ಪಾಲು ಇರೋದು ಮುಂದಿನ ಚಕ್ರಕ್ಕೇ. ಎರಡನ್ನೂ ಒಟ್ಟಿಗೆ, ಮೆಲ್ಲಗೆ ಶುರುಮಾಡಿ ಜೋರಾಗಿ ಹಿಡಿಯಬೇಕು. ಜನ ಹಿಂದಿನದೊಂದನ್ನೇ ಹಿಡೀತಾರೆ ಅನ್ನೋದು ಸರ್ಕಾರಕ್ಕೂ ಗೊತ್ತಾಗಿರಬೇಕು. 2019ರ ಏಪ್ರಿಲ್‌ನಿಂದ 125 ಸಿ.ಸಿ.ವರೆಗಿನ ಹೊಸ ಗಾಡಿಗಳಿಗೆ ಒಂದು ಬ್ರೇಕ್ ಹಿಡಿದರೆ ಎರಡೂ ಹಿಡಿಯುವ ಸಿಬಿಎಸ್ ಅಥವಾ ಎಬಿಎಸ್, ಅದಕ್ಕಿಂತ ದೊಡ್ಡವಕ್ಕೆ ಎಬಿಎಸ್ ಕಡ್ಡಾಯ ಮಾಡಿದರು.

ಮಾಲೂರಿಗೆ ಬರೋಣ. ಹೆಂಚಿಗೆ, ಇಟ್ಟಿಗೆಗೆ ಹೆಸರಾದ ಊರು. ಮಣ್ಣು, ಇಟ್ಟಿಗೆ ಹೊತ್ತ ಟ್ರ್ಯಾಕ್ಟರ್‌ಗಳು ರಸ್ತೆ ತುಂಬಾ. ಟ್ರ್ಯಾಕ್ಟರಿಗೆ ಎರಡು ಬ್ರೇಕ್ ಪೆಡಲ್ ಇರುತ್ತೆ, ಎಡಚಕ್ರಕ್ಕೊಂದು, ಬಲಚಕ್ರಕ್ಕೊಂದು. ಹೊಲದಲ್ಲಿ ಸಾಲಿನ ಕೊನೆಗೆ ಬಂದು ಚಿಕ್ಕ ಜಾಗದಲ್ಲಿ ತಿರುಗಿಸಲು ಒಂದೇ ಪೆಡಲ್ ಒತ್ತುತ್ತಾರೆ. ರಸ್ತೆಗೆ ಬಂದಾಗ ಎರಡನ್ನೂ ಜೋಡಿಸುವ ಕೊಂಡಿ ಹಾಕಬೇಕು. ಹಾಕದೆ ವೇಗದಲ್ಲಿ ಒಂದನ್ನೇ ಒತ್ತಿದರೆ ಟ್ರ್ಯಾಕ್ಟರ್ ಒಂದು ಪಕ್ಕಕ್ಕೆ ಗಿರಕಿ ಹೊಡೆದು ಪಲ್ಟಿ. ಕೊಂಡಿ ಹಾಕಿದರೂ ಒಂದು ಕಡೆಯ ಲೈನರ್ ಹೆಚ್ಚು ಸವೆದಿದ್ದರೆ ಇನ್ನೊಂದು ಪಕ್ಕಕ್ಕೆ ಎಳೆಯೋದು ತಪ್ಪಲ್ಲ. ಸದಾ ಒಂದೇ ಕಡೆ ತಿರುಗಿಸುವ ಅಭ್ಯಾಸ ಇದ್ದವರಿಗೆ ಹೀಗಾಗುತ್ತೆ. ಭಾವಮೈದ ಇದರಲ್ಲಿ ಹುಷಾರಿ: ಹೊಲದಿಂದ ರಸ್ತೆಗೆ ಹತ್ತುವ ಮೊದಲು ಕೊಂಡಿ, ಆಮೇಲೆ ಹತ್ತು ಹೆಜ್ಜೆ ಓಡಿಸಿ ಒಂದು ಸಲ ಬ್ರೇಕ್ ಹೊಡೆದು ನೆಟ್ಟಗೆ ನಿಲ್ಲುತ್ತಾ ಅಂತ ನೋಡ್ತಾನೆ. ಟ್ರೇಲರಿಗಂತೂ ಬಹುತೇಕ ಬ್ರೇಕೇ ಇರಲ್ಲ. ಹಿಂದಿರುವ ಅಷ್ಟೂ ಇಟ್ಟಿಗೆಯ ತೂಕವನ್ನು ಟ್ರ್ಯಾಕ್ಟರ್ ಬ್ರೇಕೊಂದೇ ತಡೀಬೇಕು. ಅಂಥದ್ದರ ಮುಂದೆ ಕಾರು ನುಗ್ಗಿಸಿ ಗಕ್ಕನೆ ನಿಲ್ಲಿಸುವವರನ್ನು ಕಂಡರೆ ನನಗೆ ಎದೆ ಝಲ್ ಅನ್ನುತ್ತೆ.

ಕಾರಿನ ಬ್ರೇಕ್ ಪೆಡಲ್ಲಿನಲ್ಲಿ ಕಾಲಿಗೆ ಗೊತ್ತಾಗುವ ಸಂಗತಿಗಳು ಬೇರೆ. ಇಂಜಿನ್ ಸ್ಟಾರ್ಟ್ ಮಾಡಿ, ನಿಂತಲ್ಲೇ ಪೆಡಲ್ ಒತ್ತಿ ಅರ್ಧ ನಿಮಿಷ ಹಾಗೇ ಇಟ್ಟುಕೊಳ್ಳಿ. ಕಲ್ಲಿನ ಮೇಲೆ ಕಾಲಿಟ್ಟ ಹಾಗೆ ನಿಲ್ಲಬೇಕು. ಮೆಲ್ಲಮೆಲ್ಲಗೆ ಕೆಳಗೆ ಇಳಿಯುತ್ತಿದ್ದರೆ ಎಲ್ಲೋ ಸೋರುತ್ತಿದೆ, ಇಲ್ಲವೇ ಮಾಸ್ಟರ್ ಸಿಲಿಂಡರ್ ಒಳಗೆ ಹೋಗಿದೆ. ಆ ಗಾಡಿಯನ್ನು ಗ್ಯಾರೇಜಿಗೂ ಓಡಿಸಬೇಡಿ, ಮೆಕ್ಯಾನಿಕ್ಕನ್ನೇ ಕರೆಸಿ. ಸ್ಪಂಜಿನ ಮೇಲೆ ಕಾಲಿಟ್ಟ ಹಾಗೆ ಮೆತ್ತಗಿದ್ದರೆ ಲೈನಿನಲ್ಲಿ ಗಾಳಿ ಸೇರಿದೆ. ಓಡುವಾಗ ಬ್ರೇಕ್ ಹಿಡಿದರೆ ಪೆಡಲ್ಲೂ ಸ್ಟೀರಿಂಗೂ ದಡದಡ ಅನ್ನುತ್ತಿದ್ದರೆ ಡಿಸ್ಕ್ ಒಂದೇ ದಪ್ಪ ಉಳಿದಿಲ್ಲ. (ಎಬಿಎಸ್ ಇರುವ ಕಾರಿನಲ್ಲಿ ಜೋರು ಬ್ರೇಕ್ ಹೊಡೆದಾಗ ಪೆಡಲ್ ಕಟಕಟ ಅನ್ನೋದು ಸಹಜ, ಹೆದರಿ ಕಾಲು ತೆಗೀಬಾರದು.) ಒಂದು ಪಕ್ಕಕ್ಕೆ ಎಳೆದರೆ ಒಂದು ಕ್ಯಾಲಿಪರ್ ಕಚ್ಚಿಕೊಂಡಿರಬಹುದು. ಹಾಗಿದ್ದರೆ ಸ್ವಲ್ಪ ದೂರ ಹೋಗಿ ನಿಲ್ಲಿಸಿ ನಾಲ್ಕೂ ಚಕ್ರದ ಹತ್ತಿರ ಅಂಗೈ ಹಿಡಿದರೆ ಒಂದು ಮಾತ್ರ ಒಲೆಯ ಹಾಗೆ ಕಾದಿರೋದು ಗೊತ್ತಾಗುತ್ತೆ. ಮುಟ್ಟಬೇಡಿ, ಸುಡುತ್ತೆ.

ಬ್ರೇಕ್ ಆಯಿಲ್ ಬಗ್ಗೆ ಸ್ವಲ್ಪ ಜಾಸ್ತಿ ಹೇಳಬೇಕು, ಯಾಕೆಂದರೆ ಯಾರೂ ಹೇಳಲ್ಲ. ಹೆಸರೇ ಎಡವಟ್ಟು, ಅದು ಎಣ್ಣೆಯೇ ಅಲ್ಲ. ಬೇರೆ ಯಾವುದಾದರೂ ಎಣ್ಣೆ ಸುರಿದರೆ ಒಳಗಿನ ರಬ್ಬರ್ ಸೀಲ್‌ಗಳು ಊದಿಕೊಂಡು ಇಡೀ ವ್ಯವಸ್ಥೆ ಹಾಳು. ಈ ದ್ರವ ಗಾಳಿಯಲ್ಲಿನ ತೇವಾಂಶವನ್ನು ಹೀರುತ್ತೆ, ಮಳೆಗಾಲದಲ್ಲಿ ಉಪ್ಪಿನ ಭರಣಿ ಒದ್ದೆಯಾದ ಹಾಗೆ. ಡಾಟ್ 3 ಅನ್ನೋ ಬಗೆ ಹೊಸದಾಗಿದ್ದಾಗ ಕನಿಷ್ಠ 205 ಡಿಗ್ರಿವರೆಗೆ ಕುದಿಯಲ್ಲ, ನೀರು ಹೀರಿದ ಮೇಲೆ 140ಕ್ಕೇ ಕುದಿಯಬಹುದು. ಡಾಟ್ 4ಕ್ಕೆ ಇವು 230, 155. ಕುದಿದರೆ ಗುಳ್ಳೆ ಏಳುತ್ತೆ, ಪೆಡಲ್ ಒತ್ತಿದರೆ ಗುಳ್ಳೆ ಮಾತ್ರ ಅಮುಕುತ್ತೆ, ಚಕ್ರಕ್ಕೆ ಒತ್ತಡ ಮುಟ್ಟೋದೇ ಇಲ್ಲ.

ಇದು ನಮ್ಮವರಿಗೆ ಯಾಕೆ ಮುಖ್ಯ ಅಂದರೆ, ನಮ್ಮ ಕಡೆಯ ಮನೆಗಳಲ್ಲಿ ಕಾರು ಕೊಂಡ ಮೇಲೆ ಮೊದಲು ಹೋಗೋದು ಕುರುಡುಮಲೆ ಗಣಪತಿಗೆ, ಆಮೇಲೆ ತಿರುಪತಿಗೆ. ನಂಗಲಿ ದಾಟಿ, ಪಲಮನೇರು ಮೇಲೆ, ಮೊಗಿಲಿ ಘಾಟ್ ಇಳಿದು ಚಿತ್ತೂರು. ಆಮೇಲೆ ತಿರುಮಲ ಬೆಟ್ಟ. ತಿರುಮಲದಿಂದ ಕೆಳಗಿನ ತಿರುಪತಿಗೆ ಸುಮಾರು 700 ಮೀಟರ್ ಇಳಿಜಾರು. ಐದು ಜನ, ಲಗೇಜು, ಲಡ್ಡು ಸೇರಿ 1,400 ಕೆ.ಜಿ. ಕಾರು ಅಷ್ಟು ಎತ್ತರ ಇಳಿಯುವಾಗ ಕಳೆಯಬೇಕಾದ ಶಕ್ತಿಯಲ್ಲಿ ಮೂವತ್ತು ಲೀಟರ್ ನೀರು ಕುದಿಯುತ್ತೆ. ಬಚ್ಚಲುಮನೆಯ ಒಂದು ಹಂಡೆ! ಅದರಲ್ಲಿ ಒಂದಷ್ಟನ್ನು ಎದುರುಗಾಳಿ ಕಳೆಯುತ್ತೆ. ಎರಡನೇ ಗೇರಿನಲ್ಲಿ ಇಳಿದರೆ ಇಂಜಿನ್ನೇ ಬಹುಪಾಲು ತಡೆಯುತ್ತೆ. ಪೆಟ್ರೋಲ್ ಉಳಿಸುವ ಆಸೆಗೆ ನ್ಯೂಟ್ರಲ್‌ನಲ್ಲಿ ಬಿಟ್ಟರೆ ಹಂಡೆಯ ಬಿಸಿಯೆಲ್ಲ ಬ್ರೇಕಿನ ತಲೆಗೇ. ಹತ್ತುವಾಗ ಎಲ್ಲರೂ ಗೋವಿಂದಾ ಅಂತಾರೆ. ನನ್ನ ಪ್ರಕಾರ ಇಳಿಯುವಾಗ ಗೇರು ಹಾಕಿಕೊಂಡು ಅನ್ನೋದು ವಾಸಿ.

ಈ ಆಯಿಲನ್ನು ಎರಡು ವರ್ಷಕ್ಕೊಮ್ಮೆ ಪೂರ್ತಿ ತೆಗೆದು ಹೊಸದು ಹಾಕಿ ಅಂತ ಬಹಳಷ್ಟು ಕಾರುಗಳ ಮ್ಯಾನ್ಯುಯಲ್‌ನಲ್ಲೇ ಇದೆ. ಬಾನೆಟ್ ಎತ್ತಿದರೆ ಡ್ರೈವರ್ ಕಡೆ ಸಣ್ಣ ಬಿಳೀ ಡಬ್ಬಿ, ಅದರ ಮೇಲೆ ಮ್ಯಾಕ್ಸ್, ಮಿನ್ ಗೆರೆ. ಮಟ್ಟ ಇಳಿದಿದ್ದರೆ ಕೆಲವರು ಸುಮ್ಮನೆ ಮೇಲಕ್ಕೆ ತುಂಬಿಸಿಬಿಡ್ತಾರೆ. ಅದು ಇಳಿಯೋದಕ್ಕೆ ಇರೋದು ಎರಡೇ ಕಾರಣ: ಪ್ಯಾಡ್ ಸವೆದಿದೆ, ಅಥವಾ ಸೋರಿಕೆ ಇದೆ. ಎರಡೂ ನೋಡದೆ ತುಂಬಿಸಿದರೆ ಸುಳಿವು ಅಳಿಸಿಹಾಕಿದ ಹಾಗೆ. ಹ್ಯಾಂಡ್ ಬ್ರೇಕ್ ಇಳಿಸಿದರೂ ಡ್ಯಾಶ್‌ಬೋರ್ಡಿನ ಕೆಂಪು ಬ್ರೇಕ್ ದೀಪ ಆರದಿದ್ದರೆ ಮೊದಲು ನೋಡಬೇಕಾದ್ದೂ ಈ ಡಬ್ಬಿಯನ್ನೇ.

ಇಷ್ಟೆಲ್ಲ ನಾವೇ ಯಾಕೆ ನೋಡಬೇಕು, ಆರ್‌ಟಿಒ ಇಲ್ಲವೇ ಅಂತ ಅಪ್ಪ ಕೇಳಿದರು. ಇದೆ. ಮಾವನ ಪಿಕಪ್ ಥರದ ಬಾಡಿಗೆ ಗಾಡಿಗಳಿಗೆ ಎಂಟು ವರ್ಷದವರೆಗೆ ಎರಡು ವರ್ಷಕ್ಕೊಮ್ಮೆ, ಆಮೇಲೆ ಪ್ರತಿವರ್ಷ ಎಫ್‌ಸಿ ಮಾಡಿಸಬೇಕು, ಅದರಲ್ಲಿ ಬ್ರೇಕ್ ಪರೀಕ್ಷೆಯೂ ಸೇರಿದೆ. ಆದರೆ ನಿಮ್ಮ ನನ್ನ ಸ್ವಂತ ಸ್ಕೂಟರ್, ಕಾರಿಗೆ ನೋಂದಣಿ 15 ವರ್ಷಕ್ಕೆ. ಅಷ್ಟೂ ವರ್ಷ ಕೆಎ 07 ಬೋರ್ಡಿನ ಗಾಡಿಯ ಬ್ರೇಕನ್ನು ಯಾವ ಕಚೇರಿಯೂ ಕಡ್ಡಾಯವಾಗಿ ನೋಡಲ್ಲ. ಹೊಗೆ ತಪಾಸಣೆ ಚೀಟಿ ಇದೆಯಲ್ಲ ಅಂದರೆ, ಅದು ಹೊಗೆಯನ್ನು ಮಾತ್ರ ನೋಡುತ್ತೆ. ಹೊಗೆ ಬಿಡದೆ ಸ್ವಚ್ಛವಾಗಿ ಹೋಗಿ ಗುದ್ದಬಹುದು!

ಸವೆದ ಬ್ರೇಕಿನಿಂದ ಎಷ್ಟು ವ್ಯತ್ಯಾಸ ಆಗುತ್ತೆ ಅಂತ ಮಾವ ಕೇಳಿದಾಗ ಒಂದು ಹಾಳೆಯಲ್ಲಿ ಲೆಕ್ಕ ಹಾಕಿ ತೋರಿಸಿದ್ದೆ. ಒಣ ರಸ್ತೆ, ಒಳ್ಳೆಯ ಬ್ರೇಕ್ ಇದ್ದರೆ, ಹಿಡಿದ ಮೇಲೆ 40ರಲ್ಲಿ ಸುಮಾರು 10 ಮೀಟರ್‌ಗೆ ನಿಲ್ಲುವ ಗಾಡಿ 80ರಲ್ಲಿ 40 ಮೀಟರ್ ತಗೊಳ್ಳುತ್ತೆ. ವೇಗ ಎರಡು ಪಟ್ಟು, ದೂರ ನಾಲ್ಕು ಪಟ್ಟು. ಬ್ರೇಕಿನ ಹಿಡಿತ ಮೂರರಲ್ಲೊಂದು ಪಾಲು ಕಡಿಮೆಯಾದರೆ ಆ 40 ಮೀಟರ್ 60 ಆಗುತ್ತೆ. ಹೆಚ್ಚುವರಿ 20 ಮೀಟರ್ ಅಂದರೆ ಹೆಚ್ಚುಕಡಿಮೆ ಎರಡು ಬಸ್ಸಿನ ಉದ್ದ. ನಮ್ಮ ಹೈವೇಯಲ್ಲಿ ಡಿವೈಡರ್ ಸಂದಿಯಿಂದ ಹಸು, ಟಿವಿಎಸ್ ಗಾಡಿ ಯಾವುದು ಬೇಕಾದರೂ ಬರಬಹುದು. ಮಾವ ಹಾಳೆ ಮಡಚಿ ಜೇಬಿಗಿಟ್ಟುಕೊಂಡರು, ಏನೂ ಹೇಳಲಿಲ್ಲ. ಮುಂದಿನ ವಾರ ಡ್ರೈವರಿಗೆ ಅದನ್ನೇ ತೋರಿಸಿ ಬೈಯುತ್ತಿದ್ದರಂತೆ.

ಬದಲಾಯಿಸಲು ಹೋದಾಗ ಒಂದೆರಡು ವಿಷಯ. ಪ್ಯಾಡ್ ಆಗಲಿ ಶೂ ಆಗಲಿ, ಒಂದೇ ಪಕ್ಕದ್ದು ಹಾಕಿಸಬೇಡಿ, ಎಡಬಲ ಜೋಡಿಯಾಗಿಯೇ ಹಾಕಿಸಿ. ಡಿಸ್ಕಿನ ಅಂಚಿನಲ್ಲಿ ಅಥವಾ ಮಧ್ಯದಲ್ಲಿ ಅದರ ಕನಿಷ್ಠ ದಪ್ಪ ಎಷ್ಟಿರಬೇಕು ಅಂತ ಸಾಮಾನ್ಯವಾಗಿ ಅಚ್ಚು ಹಾಕಿರುತ್ತಾರೆ, ಅಳೆದು ನೋಡಲು ಹೇಳಿ. ಡ್ರಮ್ ಬಿಚ್ಚಿದಾಗ ಒಳಗಿನ ಧೂಳನ್ನು ಬಾಯಿಂದ ಊದಲು, ಗಾಳಿ ಹೊಡೆಯಲು ಬಿಡಬೇಡಿ. ಹಳೇ ಲೈನರ್‌ಗಳಲ್ಲಿ ಆಸ್‌ಬೆಸ್ಟಾಸ್ ಇರುವ ಸಾಧ್ಯತೆ ಇದೆ, ಒದ್ದೆ ಬಟ್ಟೆಯಲ್ಲಿ ಒರೆಸೋದು ಮೆಕ್ಯಾನಿಕ್‌ಗೂ ಒಳ್ಳೇದು. ಡೂಪ್ಲಿಕೇಟ್ ಪ್ಯಾಡ್ ಅರ್ಧ ಬೆಲೆಗೆ ಸಿಗುತ್ತೆ, ಹಾಕಿಸಬೇಡಿ. ಬಿಲ್ ತಗೊಳ್ಳಿ, ಬಿಚ್ಚಿದ ಹಳೇ ಪ್ಯಾಡನ್ನೂ ಕೇಳಿ ತಗೊಳ್ಳಿ. ನಿಜವಾಗಿ ಬದಲಾಯಿಸಿದ್ದಾರಾ, ಎಷ್ಟು ಸವೆದಿತ್ತು ಎರಡೂ ಗೊತ್ತಾಗುತ್ತೆ.

ಕಾರಿಗೆ ಹೊಸ ಪ್ಯಾಡ್ ಹಾಕಿದ ಮೇಲೆ ಗ್ಯಾರೇಜಿನಿಂದ ಹೊರಡುವ ಮೊದಲು ನಿಂತಲ್ಲೇ ಪೆಡಲನ್ನು ನಾಲ್ಕೈದು ಸಲ ಒತ್ತಿ. ಪ್ಯಾಡ್ ಕೂರಿಸಲು ಪಿಸ್ಟನ್ನನ್ನು ಹಿಂದಕ್ಕೆ ತಳ್ಳಿರುತ್ತಾರೆ, ಹಾಗಾಗಿ ಮೊದಲ ಸಲ ಪೆಡಲ್ ನೆಲಕ್ಕೇ ಹೋಗುತ್ತೆ. ಗಟ್ಟಿಯಾದ ಮೇಲೆ ಹೊರಡಿ. ಮೊದಲ ಇನ್ನೂರು ಮುನ್ನೂರು ಕಿಲೋಮೀಟರ್ ಹೊಸ ಪ್ಯಾಡ್ ಡಿಸ್ಕಿಗೆ ಹೊಂದಿಕೊಳ್ಳುವವರೆಗೆ ಹಿಡಿತ ಸ್ವಲ್ಪ ಕಡಿಮೆಯೇ ಇರುತ್ತೆ. ಅಷ್ಟು ದಿನ ಮುಂದಿನ ಗಾಡಿಯಿಂದ ದೂರ ಇರಿ, ತಿರುಪತಿಗೆ ಹೋಗೋದಿದ್ದರೆ ಅದು ಮುಗಿದ ಮೇಲೆ ಹೋಗಿ.